ಚೈನೋ, ಬೆಲ್ಟೋ? ಮನೆಯ ವ್ಯಾಯಾಮದ ಸೈಕಲ್‌ಗೆ ಯಾವುದು ಸರಿ

ಪ್ರಶ್ನೆ: ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಒಂದರ 3ನೇ ಮಹಡಿಯಲ್ಲಿ ನಮ್ಮ ಮನೆ. ನಾನು, ನನ್ನ ಗಂಡ, ಅತ್ತೆ ಮತ್ತು 4 ವರ್ಷದ ಮಗ ಇದ್ದೇವೆ. ವ್ಯಾಯಾಮಕ್ಕೆ ಒಂದು ಸೈಕಲ್ ತರಬೇಕೆಂದಿದ್ದೇವೆ. ನನಗೆ ಬಿಡುವು ಸಿಗುವುದು ಬೆಳಿಗ್ಗೆ 5.30ಕ್ಕೆ ಮಾತ್ರ. ಕೆಳಗಿನ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಚೈನ್ ಇದ್ದರೇನೇ ನಿಜವಾದ ಸೈಕಲ್ ತುಳಿದ ಹಾಗಿರುತ್ತದೆ ಎನ್ನುವುದು ನನ್ನ ಗಂಡನ ವಾದ. ಒಂದು ಅಂಗಡಿಯವರು ‘ಬೆಲ್ಟ್ ತಗೊಳ್ಳಿ ಮೇಡಂ, ಮೇಂಟೆನೆನ್ಸೇ ಇಲ್ಲ’ ಎಂದರು. ಇನ್ನೊಬ್ಬರು ‘ಮ್ಯಾಗ್ನೆಟಿಕ್ ತಗೊಳ್ಳಿ’ ಎಂದರು. ಬಜೆಟ್ ₹25,000. ಇದರ ನಡುವೆ ಗಂಡನ ಆಫೀಸಿನವರೊಬ್ಬರು ಊರು ಬಿಡುತ್ತಿದ್ದು, ತಮ್ಮ ಹಳೆಯ ಚೈನ್ ಸೈಕಲ್ಲನ್ನು ₹8,000ಕ್ಕೆ ಕೊಡುತ್ತಾರಂತೆ. ಯಾವುದು ತರಲಿ?

ಉತ್ತರ: ನಿಮ್ಮ ಮನೆಗೆ ಬೆಲ್ಟ್ ಇರುವುದೇ ಸರಿ. ಬ್ರೇಕ್ ಮ್ಯಾಗ್ನೆಟಿಕ್ ಇರಲಿ. ಆದರೆ ‘ಬೆಲ್ಟ್’ ಎಂಬ ಮಾತು ಕೇಳಿದ ತಕ್ಷಣ ದುಡ್ಡು ಕೊಟ್ಟುಬಿಡಬೇಡಿ. ಕಳಪೆ ಬೆಲ್ಟ್ ಸೈಕಲ್‌ಗಿಂತ ಒಳ್ಳೆಯ ಚೈನ್ ಸೈಕಲ್ ಎಷ್ಟೋ ಮೇಲು. ಬೆಲ್ಟ್ ಸಡಿಲವಾದಾಗ ಬಿಗಿ ಮಾಡಲು ವ್ಯವಸ್ಥೆ ಇದೆಯೇ? ಹರಿದರೆ ಅದೇ ಅಳತೆಯದ್ದು ಹೊರಗೆ ಸಿಗುತ್ತದೆಯೇ? ಈ ಎರಡು ಪ್ರಶ್ನೆಗೆ ಅಂಗಡಿಯಲ್ಲೇ ಉತ್ತರ ಸಿಗಬೇಕು. ಮನೆಗೆ ಬಂದು ಎರಡನೇ ವರ್ಷಕ್ಕೆ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗಿರುವ ಸೈಕಲ್‌ಗಳನ್ನು ರಿಪೇರಿಗೆ ಹೋದಾಗ ನೋಡುತ್ತಲೇ ಇರುತ್ತೇನೆ. ಅವುಗಳಲ್ಲಿ ಎಷ್ಟೋ ನಿಂತಿರುವುದು ಈ ಸಣ್ಣ ಕಾರಣಕ್ಕೆ.

ಮೊದಲು ಒಂದು ಗೊಂದಲ ಬಿಡಿಸೋಣ. ಆ ಇಬ್ಬರು ಅಂಗಡಿಯವರು ಹೇಳಿದ್ದು ಬೇರೆ ಬೇರೆ ವಿಷಯ. ಚೈನ್ ಅಥವಾ ಬೆಲ್ಟ್ ನಿಮ್ಮ ಕಾಲಿನ ಬಲವನ್ನು ಫ್ಲೈವೀಲ್‌ಗೆ, ಅಂದರೆ ಸೈಕಲ್ಲಿನ ಭಾರದ ಚಕ್ರಕ್ಕೆ, ಮುಟ್ಟಿಸುತ್ತದೆ. ಮ್ಯಾಗ್ನೆಟಿಕ್ ಅಥವಾ ಪ್ಯಾಡ್ ಎನ್ನುವುದು ಆ ಚಕ್ರವನ್ನು ತಡೆದು ತುಳಿತವನ್ನು ಭಾರ ಮಾಡುವ ಬ್ರೇಕ್. ಇವು ಎರಡು ಬೇರೆ ಭಾಗಗಳು. ಚೈನ್ ಇದ್ದು ಮ್ಯಾಗ್ನೆಟಿಕ್ ಬ್ರೇಕ್ ಇರುವ ಸೈಕಲ್ ಇದೆ, ಬೆಲ್ಟ್ ಇದ್ದು ಪ್ಯಾಡ್ ಉಜ್ಜುವ ಸೈಕಲ್ಲೂ ಇದೆ. ‘ಬೆಲ್ಟ್, ಶಬ್ದವೇ ಇಲ್ಲ’ ಎಂದು ನಂಬಿ ತಂದರೆ, ಪ್ಯಾಡ್ ಚಕ್ರಕ್ಕೆ ಉಜ್ಜುವ ‘ಸರ್‌ರ್’ ಎನ್ನುವ ಸದ್ದು ಹಾಗೇ ಇರುತ್ತದೆ. ಆದ್ದರಿಂದ ಯಾವ ಸೈಕಲ್ ನೋಡಿದರೂ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಈಗ ಕೆಳಗಿನ ಮನೆಯವರ ವಿಷಯ. ಚೈನಿನ ಶಬ್ದ ಅದರ ರಚನೆಯಲ್ಲೇ ಇದೆ. ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ದೂರ. ಒಂದೊಂದು ಕೊಂಡಿ ಬಂದು ಹಲ್ಲಿನ ಮೇಲೆ ಕೂರುವಾಗಲೂ ಒಂದು ಸಣ್ಣ ಏಟು ಬೀಳುತ್ತದೆ. 52 ಹಲ್ಲಿನ ಚಕ್ರವನ್ನು ನಿಮಿಷಕ್ಕೆ 80 ಸುತ್ತು ತುಳಿದರೆ ಸೆಕೆಂಡಿಗೆ ಸುಮಾರು 69 ಏಟು. ಕಿವಿಗೆ ಅದು ‘ಗುಂಯ್’ ಎನ್ನುವ ತಗ್ಗು ದನಿಯಾಗಿ ಕೇಳುತ್ತದೆ. ಇಂಥ ತಗ್ಗು ದನಿ ಸೈಕಲ್ಲಿನ ಕಾಲು, ಟೈಲ್ಸ್, ಸ್ಲ್ಯಾಬ್ ಹಿಡಿದು ಕೆಳಗಿಳಿಯುತ್ತದೆ. ಬೀದಿ ಇನ್ನೂ ಎದ್ದಿರದ 5.30ರ ಹೊತ್ತಿನಲ್ಲಿ ಮಲಗಿದವರಿಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಹೊಸ ಚೈನ್‌ಗೆ ಎಣ್ಣೆ ಹಾಕಿ ಸರಿಯಾಗಿ ಬಿಗಿ ಮಾಡಿದ್ದರೆ ಸದ್ದು ಕಡಿಮೆಯೇ. ಆದರೆ ಸವೆದಂತೆ ಅದು ಏರುತ್ತಾ ಹೋಗುತ್ತದೆ.

ಬೆಲ್ಟ್‌ನಲ್ಲಿ ಈ ಏಟು ಇಲ್ಲ, ಜಾರಿಕೊಂಡು ಬಂದು ಪುಲ್ಲಿಯನ್ನು ಅಪ್ಪಿಕೊಳ್ಳುತ್ತದೆ. ಹಾಗೆಂದು ಬೆಲ್ಟ್ ಸೈಕಲ್ ತಂದು ಬರಿ ಟೈಲ್ಸ್ ಮೇಲೆ ಇಡಬೇಡಿ. ನಿಂತು ತುಳಿಯುವಾಗ ಇಡೀ ಸೈಕಲ್ ಒದ್ದಾಡುತ್ತದೆ, ಆ ಅದುರು ಕೆಳಗೆ ಹೋಗುತ್ತದೆ. 4 ಕಾಲೂ ನೆಲಕ್ಕೆ ಕೂರುವಂತೆ ಅಡಿಯ ಸ್ಕ್ರೂ ತಿರುಗಿಸಿ ಮಟ್ಟ ಮಾಡಿ. ಕೆಳಗೆ ಸುಮಾರು 10 ಮಿಲಿಮೀಟರ್ ದಪ್ಪದ ರಬ್ಬರ್ ಮ್ಯಾಟ್ ಹಾಕಿ. ಯೋಗ ಮ್ಯಾಟ್ ಸಾಲುವುದಿಲ್ಲ, ಅದು ಮೆತ್ತಗೆ ಕುಸಿದು ಸೈಕಲ್ ಇನ್ನೂ ಜಾಸ್ತಿ ಅಲ್ಲಾಡುತ್ತದೆ. ಕೋಣೆಯ ನಡುವೆ ಇಡಬೇಡಿ. ಸ್ಲ್ಯಾಬ್ ಹೆಚ್ಚು ಅದುರುವುದು ಅಲ್ಲೇ. ಕೆಳಗೆ ತೊಲೆ ಇರುವ ಕಡೆ, ಗೋಡೆ ಪಕ್ಕ ಇಡಿ.

ಬೆಲ್ಟ್ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಜನ ಮೋಸ ಹೋಗುವುದು ಇಲ್ಲೇ. ಮನೆ ಸೈಕಲ್‌ಗಳಲ್ಲಿ ಜಾಸ್ತಿ ಇರುವುದು ಉದ್ದಕ್ಕೂ ಸಣ್ಣ ಗೆರೆಗಳಿರುವ ಚಪ್ಪಟೆ ಬೆಲ್ಟ್. ಹಲವು ವಾಷಿಂಗ್ ಮೆಷಿನ್‌ಗಳಲ್ಲಿ ಡ್ರಮ್ ತಿರುಗಿಸುವುದೂ ಇದೇ ಜಾತಿಯ ಬೆಲ್ಟ್. ಕೆಲವು ಸೈಕಲ್‌ಗಳಲ್ಲಿ ಅಡ್ಡಕ್ಕೆ ಹಲ್ಲಿರುವ ಬೆಲ್ಟ್ ಇರುತ್ತದೆ. ಹಲ್ಲಿನದ್ದು ಸುಲಭಕ್ಕೆ ಜಾರುವುದಿಲ್ಲ, ಸ್ವಲ್ಪ ಸದ್ದು ಮಾಡುತ್ತದೆ. ಗೆರೆಯದ್ದು ನಿಂತಿರುವುದು ಬರೀ ಹಿಡಿತದ ಮೇಲೆ. ಹಳೆಯ ಕಾಲುತುಳಿ ಹೊಲಿಗೆ ಯಂತ್ರದಲ್ಲಿ ಚರ್ಮದ ಬೆಲ್ಟ್ ಸಡಿಲವಾದರೆ ಕೆಳಗೆ ಕಾಲು ಆಡುತ್ತದೆ, ಮೇಲೆ ಸೂಜಿ ಏಳುವುದಿಲ್ಲ ಅಲ್ವಾ? ಇಲ್ಲೂ ಹಾಗೆಯೇ. ಭಾರ ಹಾಕಿ ನಿಂತು ತುಳಿದಾಗ ಪೆಡಲ್ ಧಡಕ್ಕನೆ ಮುಂದೆ ಹೋಗುತ್ತದೆ, ಚಕ್ರ ಅಲ್ಲೇ ಇರುತ್ತದೆ. ಮಂಡಿಗೆ ಒಳ್ಳೆಯದಲ್ಲ, ಆಯ ತಪ್ಪಿ ಬೀಳುವುದೂ ಉಂಟು.

ಬೆಲ್ಟ್ ಜಾರುವುದು ಯಾವಾಗಲೂ ಚಿಕ್ಕ ಪುಲ್ಲಿಯಲ್ಲಿ. ಮ್ಯಾಗ್ನೆಟಿಕ್ ಬ್ರೇಕ್ ಕೆಲಸ ಮಾಡಬೇಕಾದರೆ ಫ್ಲೈವೀಲ್ ವೇಗವಾಗಿ ಸುತ್ತಬೇಕು. ಅದಕ್ಕೆ ಪೆಡಲ್ ಕಡೆ ದೊಡ್ಡ ಪುಲ್ಲಿ, ಚಕ್ರದ ಕಡೆ ತೀರಾ ಚಿಕ್ಕ ಪುಲ್ಲಿ ಹಾಕುತ್ತಾರೆ. ಚಿಕ್ಕ ಪುಲ್ಲಿಯನ್ನು ಬೆಲ್ಟ್ ಅಪ್ಪಿಕೊಳ್ಳುವ ಜಾಗ ಕಡಿಮೆ. ಒಳ್ಳೆಯ ತಯಾರಕರು ಅಲ್ಲೊಂದು ಸಣ್ಣ ಒತ್ತು ಪುಲ್ಲಿ ಕೊಡುತ್ತಾರೆ. ಅದು ಬೆಲ್ಟನ್ನು ಒಳಕ್ಕೆ ಒತ್ತಿ ಅಪ್ಪುಗೆ ಹೆಚ್ಚಿಸುತ್ತದೆ, ಬಿಗಿ ಮಾಡುವ ಕೆಲಸವೂ ಅದರದ್ದೇ. ಅಗ್ಗದ ಸೈಕಲ್‌ಗಳಲ್ಲಿ ಇದನ್ನೇ ಬಿಟ್ಟಿರುತ್ತಾರೆ. ಕವರ್ ಮುಚ್ಚಿರುವುದರಿಂದ ಹೊರಗೆ ಕಾಣುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ‘ಬೆಲ್ಟ್ ಟೈಟ್ ಮಾಡುವುದು ಎಲ್ಲಿಂದ? ತೋರಿಸಿ’ ಎಂದು ಕೇಳಿ. ಚಕ್ರದ ಅಚ್ಚಿನ ಎರಡೂ ಕಡೆ ಹಿಂದೆ ಮುಂದೆ ಎಳೆಯುವ ಬೋಲ್ಟ್ ತೋರಿಸಿದರೂ ಸರಿ, ಒಳಗಿನ ಒತ್ತು ಪುಲ್ಲಿ ತೋರಿಸಿದರೂ ಸರಿ. ‘ಅದರ ಅವಶ್ಯಕತೆಯೇ ಬರೋದಿಲ್ಲ’ ಎಂದರೆ ಆ ಸೈಕಲ್ ಬಿಟ್ಟು ಮುಂದಿನದ್ದು ನೋಡಿ. ಹೊಸ ಬೆಲ್ಟ್ ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಸಡಿಲವಾಗುವುದು ಸಹಜ.

ಎರಡನೆಯ ಪ್ರಶ್ನೆ, ಬೆಲ್ಟ್ ನಂಬರ್. ಗೆರೆ ಬೆಲ್ಟಿನ ಬೆನ್ನ ಮೇಲೆ ‘6 ಪಿಜೆ 1270’ ಅಥವಾ ‘500 ಜೆ 6’ ಎಂಬಂಥ ಬರಹ ಇರುತ್ತದೆ. ಎರಡೂ ಒಂದೇ ಬೆಲ್ಟ್. 6 ಎಂದರೆ 6 ಗೆರೆ, 1270 ಎಂದರೆ ಮಿಲಿಮೀಟರಿನಲ್ಲಿ ಉದ್ದ, 500 ಎಂದರೆ ಅದೇ ಉದ್ದ 50 ಇಂಚು. ‘ಜೆ’ ಎನ್ನುವುದು ಗೆರೆಗಳ ನಡುವಿನ ಅಂತರ, 2.34 ಮಿಲಿಮೀಟರ್. ಇದು ಪ್ರಪಂಚದ ಎಲ್ಲ ಕಡೆ ಒಂದೇ ಅಳತೆ. ಈ ನಂಬರ್ ಕೈಯಲ್ಲಿದ್ದರೆ ನೀವು ಸೈಕಲ್ ಕಂಪನಿಯ ದಾರಿ ಕಾಯಬೇಕಿಲ್ಲ. ಪೀಣ್ಯದ ಕಡೆಯೋ ಎಸ್.ಪಿ. ರೋಡ್ ಕಡೆಯೋ ಕಾರ್ಖಾನೆಗಳಿಗೆ ಬೆಲ್ಟ್, ಬೇರಿಂಗ್ ಮಾರುವವರ ಹತ್ತಿರ ನಂಬರ್ ಹೇಳಿದರೆ ಸಾಕು. ಬೇರಿಂಗ್‌ಗೂ ಇದೇ ಮಾತು. 6003 ಎಂದಿದ್ದರೆ ಒಳಗಿನ ತೂತು 17 ಮಿಲಿಮೀಟರ್, ಹೊರ ಅಳತೆ 35. ಯಾವ ಕಂಪನಿಯದ್ದಾದರೂ ಕೂರುತ್ತದೆ. ಡೆಲಿವರಿಗೆ ಬಂದವರು ಕವರ್ ಹಾಕುವ ಮುಂಚೆಯೇ ಬೆಲ್ಟಿನ ಫೋಟೋ ತೆಗೆದಿಟ್ಟುಕೊಳ್ಳಿ. ವಾರಂಟಿ ಕಾಗದವನ್ನೂ ಓದಿ. ಫ್ರೇಮಿಗೆ ದೊಡ್ಡ ವಾರಂಟಿ ಬರೆದು, ಬೆಲ್ಟನ್ನು ‘ಸವೆಯುವ ಭಾಗ’ ಎಂದು ಹೊರಗಿಡುವುದು ಸಾಮಾನ್ಯ.

‘ಮೇಂಟೆನೆನ್ಸೇ ಇಲ್ಲ’ ಎಂಬ ಮಾತು ಪೂರ್ತಿ ನಿಜವಲ್ಲ, ಆದರೆ ನಿಜಕ್ಕೆ ಹತ್ತಿರ. ಬೆಲ್ಟ್‌ಗೆ ಎಣ್ಣೆ ಬೇಡ. ಧೂಳು ಸೇರಿ ‘ಕೀಚ್’ ಎಂದಾಗ ಮನೆಯಲ್ಲಿ ಯಾರಾದರೂ ಎಣ್ಣೆ ಬಿಡಲು ಹೋಗುತ್ತಾರೆ. ದಯವಿಟ್ಟು ಬಿಡಬೇಡಿ. ಒಮ್ಮೆ ಎಣ್ಣೆ ಕುಡಿದ ಬೆಲ್ಟ್ ಜಾರುತ್ತದೆ, ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಬಿಗಿ ನೋಡಿ, ಅಷ್ಟೇ. ಚೈನ್‌ಗೆ ಮಾತ್ರ ಎಣ್ಣೆ ಬೇಕೇ ಬೇಕು. ಅದೂ ಚೈನ್ ಎಣ್ಣೆಯೇ ಆಗಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಬಾಟಲಿಯೊಳಗೆ ಗಟ್ಟಿಯಾಗುವ ಎಣ್ಣೆ ಚೈನಿನ ಕೊಂಡಿಯೊಳಗೆ ಏನು ಮಾಡೀತು? ಧೂಳನ್ನು ಹಿಡಿದಿಟ್ಟುಕೊಂಡು ಅಂಟಾಗುತ್ತದೆ. ಇನ್ನು ಬೆವರು ಉಪ್ಪು ನೀರು. ಹ್ಯಾಂಡಲ್‌ನಿಂದ ತೊಟ್ಟಿಕ್ಕಿದ ಬೆವರು ಚೈನಿನ ಮೇಲೆ ಬಿದ್ದರೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಮಳೆಗಾಲದಲ್ಲಿ ಎರಚಲು ಬೀಳುವ ಬಾಲ್ಕನಿಯಲ್ಲಿ ಅಥವಾ ಯುಟಿಲಿಟಿಯಲ್ಲಿ ಯಾವ ಸೈಕಲ್ಲನ್ನೂ ಇಡಬೇಡಿ.

ನಿಮ್ಮ ಯಜಮಾನರ ಮಾತಿಗೂ ಒಂದು ಆಧಾರ ಇದೆ. 1995ರಲ್ಲಿ ಅಮೆರಿಕದ ಶ್ವಿನ್ ಕಂಪನಿ ಸ್ಪಿನ್ನಿಂಗ್ ಎಂಬ ಜಿಮ್ ಸೈಕಲ್ ವ್ಯಾಯಾಮವನ್ನು ಶುರು ಮಾಡಿದ ಜಾನಿ ಗೋಲ್ಡ್‌ಬರ್ಗ್ ಅವರ ಹೆಸರಿನಲ್ಲಿ ಸ್ಪಿನ್ನರ್ ಸೈಕಲ್ ತಂದಾಗ ಅದು ಚೈನಿನದ್ದೇ. ಜಿಮ್‌ಗಳಲ್ಲಿ ವರ್ಷಗಟ್ಟಲೆ ಚೈನ್ ಸೈಕಲ್ಲೇ ಓಡಿವೆ. ಚೈನ್ ಜಾರುವುದಿಲ್ಲ, ಎಷ್ಟು ಜೋರಾಗಿ ತುಳಿದರೂ ಬಲ ನೇರ ಚಕ್ರಕ್ಕೆ ಹೋಗುತ್ತದೆ. ಆದರೆ ಅವರು ‘ನಿಜವಾದ ಸೈಕಲ್’ ಎನ್ನುವ ಆ ಅನುಭವ ಬರುವುದು ಮುಖ್ಯವಾಗಿ ಫ್ಲೈವೀಲ್‌ನಿಂದ. ತುಳಿತದ ಮೇಲೆ ಕೆಳಗೆ, ಕಾಲಿಗೆ ಬಲ ಕಡಿಮೆಯಾಗುವ ಜಾಗದಲ್ಲಿ, ಚಕ್ರ ತನ್ನ ಓಟದಿಂದ ಪೆಡಲನ್ನು ದಾಟಿಸುತ್ತದೆ. ಇಲ್ಲಿ ಅಂಗಡಿಯವರು ಬರೀ ಕಿಲೋ ಲೆಕ್ಕ ಹೇಳುತ್ತಾರೆ. ಅದು ಅರ್ಧ ಲೆಕ್ಕ. ಚಕ್ರದಲ್ಲಿ ತುಂಬಿಕೊಳ್ಳುವ ಶಕ್ತಿ ತೂಕಕ್ಕೆ ತಕ್ಕಂತೆ ಏರುತ್ತದೆ, ವೇಗದ ವರ್ಗಕ್ಕೆ (ವೇಗವನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆಯೂ ಏರುತ್ತದೆ. ಒಂದೇ ಗಾತ್ರ, ಒಂದೇ ಆಕಾರದ ಎರಡು ಚಕ್ರ ತಗೊಳ್ಳಿ. 12 ಕಿಲೋದ್ದು ಪೆಡಲಿನ ಒಂದು ಸುತ್ತಿಗೆ ಎರಡೂವರೆ ಸುತ್ತು ಸುತ್ತುತ್ತದೆ, 6 ಕಿಲೋದ್ದು 4 ಸುತ್ತು. ಮೊದಲಿನದ್ದು 12 ಗುಣಿಸು 6.25, ಅಂದರೆ 75. ಎರಡನೆಯದ್ದು 6 ಗುಣಿಸು 16, ಅಂದರೆ 96. ಹಗುರ ಚಕ್ರವೇ ಗೆದ್ದಿತು! ಅದಕ್ಕೇ ತೂಕದ ಸ್ಟಿಕರ್ ನೋಡುವ ಬದಲು ಹತ್ತಿ ಕೂತು ನಿಧಾನವಾಗಿ ತುಳಿಯಿರಿ. ತುಳಿತ ಗುಂಡಗೆ ಬರುತ್ತಿದೆಯೇ, ಮುಗ್ಗರಿಸುತ್ತಿದೆಯೇ ಎನ್ನುವುದು ಅರ್ಧ ನಿಮಿಷದಲ್ಲಿ ಕಾಲಿಗೇ ತಿಳಿಯುತ್ತದೆ. ಬೆಲ್ಟ್ ಇದ್ದೂ ಗುಂಡಗೆ ಬರುವ ಸೈಕಲ್ ಮೇಲೆ ಅವರನ್ನು ಕೂರಿಸಿ ನೋಡಿ.

ಬ್ರೇಕ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪ್ಯಾಡ್ ಚಕ್ರಕ್ಕೆ ಉಜ್ಜಿ ಸವೆಯುತ್ತದೆ, ಪುಡಿ ಉದುರುತ್ತದೆ, ಬಿಸಿಯಾದಾಗ ವಾಸನೆ ಬರುತ್ತದೆ. ಆಯಸ್ಕಾಂತ ಏನನ್ನೂ ಮುಟ್ಟದೆ ತಡೆಯುತ್ತದೆ. ಲೋಹದ ಚಕ್ರ ಆಯಸ್ಕಾಂತದ ಎದುರು ಸುತ್ತುವಾಗ ಲೋಹದೊಳಗೇ ಸುಳಿಯಂತೆ ವಿದ್ಯುತ್ ಹರಿದು ಚಕ್ರವನ್ನು ಹಿಂದಕ್ಕೆಳೆಯುತ್ತದೆ. ಕೈಯಲ್ಲಿ ತಿರುಗಿಸುವ ನಾಬ್ ಇರುವ ಮ್ಯಾಗ್ನೆಟಿಕ್ ಸೈಕಲ್‌ಗೆ ಕರೆಂಟ್ ಬೇಡ, ಬೆಸ್ಕಾಂ ಕೈಕೊಟ್ಟ ದಿನವೂ ನಡೆಯುತ್ತದೆ. ಬಟನ್ ಒತ್ತಿ ಭಾರ ಬದಲಿಸುವವು ಹೆಚ್ಚಾಗಿ ಪ್ಲಗ್ ಕೇಳುತ್ತವೆ. ವೇಗವನ್ನು ನಿಮಿಷಕ್ಕೆ 60 ಸುತ್ತಿನಿಂದ 90ಕ್ಕೆ ಏರಿಸಿದರೆ ಪ್ಯಾಡ್‌ನಲ್ಲಿ ನಿಮ್ಮ ಶ್ರಮ ಸುಮಾರು ಒಂದೂವರೆ ಪಟ್ಟು, ಆಯಸ್ಕಾಂತದಲ್ಲಿ ಎರಡಕ್ಕಿಂತ ಸ್ವಲ್ಪ ಜಾಸ್ತಿ ಪಟ್ಟು ಆಗುತ್ತದೆ. ದೊಡ್ಡ ಫ್ಯಾನ್ ಇರುವ ಏರ್ ಬೈಕ್‌ನಲ್ಲಿ ಮೂರು ಪಟ್ಟನ್ನೂ ಮೀರುತ್ತದೆ. ಆದರೆ ಏರ್ ಬೈಕ್ ನಿಮ್ಮ ಮನೆಗೆ ಬೇಡ, ಅದರ ಗಾಳಿಯ ಸದ್ದಿಗೆ ಪಕ್ಕದ ಮನೆಯವರೂ ಏಳುತ್ತಾರೆ.  

ನೀವು ಕೇಳದೇ ಇದ್ದರೂ ನಾನು ಹೇಳಲೇಬೇಕಾದ ವಿಷಯ ನಿಮ್ಮ ಮಗನದ್ದು. ಸ್ಪಿನ್ ಸೈಕಲ್‌ಗಳಲ್ಲಿ (ಜಿಮ್‌ನ ಸ್ಪಿನ್ನರ್ ಮಾದರಿಯವು) ಹೆಚ್ಚಿನವಕ್ಕೆ ಫ್ರೀವೀಲ್ ಇಲ್ಲ. ರಸ್ತೆಯ ಸೈಕಲ್‌ನಲ್ಲಿ ಕಾಲು ನಿಲ್ಲಿಸಿದರೂ ಚಕ್ರ ತನ್ನಷ್ಟಕ್ಕೆ ಓಡುತ್ತದೆ. ಇಲ್ಲಿ ಚಕ್ರ ಸುತ್ತುವವರೆಗೂ ಪೆಡಲ್ ಸುತ್ತಲೇ ಇರುತ್ತದೆ, ನಿಲ್ಲಿಸಬೇಕಾದರೆ ಬ್ರೇಕ್ ನಾಬನ್ನು ಕೆಳಗೆ ಒತ್ತಬೇಕು. 4 ವರ್ಷದ ಮಗು ಸುತ್ತುವ ಚಕ್ರ ಕಂಡರೆ ಕೈ ಹಾಕದೇ ಇರುವುದಿಲ್ಲ. ಚೈನ್ ಮತ್ತು ಹಲ್ಲಿನ ನಡುವೆ ಬೆರಳು ಸಿಕ್ಕರೆ ಆಗುವ ಗಾಯ ಚಿಕ್ಕದಲ್ಲ. ಬೆಲ್ಟ್ ಮತ್ತು ಪುಲ್ಲಿಯ ನಡುವೆಯೂ ಅಪಾಯ ಇದೆ. ಆದ್ದರಿಂದ ಎರಡೂ ಪಕ್ಕ ಪೂರ್ತಿ ಮುಚ್ಚಿರುವ ಕವರ್ ಬೇಕು. ಒಂದು ಕಡೆ ಮಾತ್ರ ತಗಡು ಹೊದಿಸಿರುವುದು ನಿಮಗೆ ಬೇಡ. ಇನ್ನೊಂದು ಮಾತು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಭಾರವನ್ನು ಪೂರ್ತಿ ಏರಿಸಿಟ್ಟರೆ ಮಗು ಚಕ್ರ ತಿರುಗಿಸಲಾರದು ಎಂದು ಅಪ್ಪ ಅಮ್ಮ ನಂಬಿರುತ್ತಾರೆ. ಪ್ಯಾಡ್ ಬ್ರೇಕ್‌ನಲ್ಲಿ ಇದು ನಿಜ. ಮ್ಯಾಗ್ನೆಟಿಕ್‌ನಲ್ಲಿ ಅಲ್ಲ. ಆ ತಡೆ ಹುಟ್ಟುವುದೇ ಚಕ್ರ ಸುತ್ತುವಾಗ. ನಿಂತ ಚಕ್ರದ ಮೇಲೆ ಅದರ ಹಿಡಿತ ಇಲ್ಲ, ಮಗು ಮೆಲ್ಲಗೆ ತಿರುಗಿಸಿಬಿಡಬಹುದು. ಆದ್ದರಿಂದ ಮ್ಯಾಗ್ನೆಟಿಕ್ ತಗೊಂಡರೂ ಚಕ್ರವನ್ನು ಒತ್ತಿ ಹಿಡಿದು ಲಾಕ್ ಮಾಡುವ ಪ್ಯಾಡ್ ಬೇರೆಯಾಗಿ ಇದೆಯೇ ನೋಡಿ. ಇಲ್ಲದಿದ್ದರೆ ಸೈಕಲ್ ಇರುವ ಕೋಣೆಗೆ ಬಾಗಿಲು ಹಾಕುವ ವ್ಯವಸ್ಥೆ ಇರಲಿ. ನೀವು ತುಳಿಯುವ ಹೊತ್ತಿನಲ್ಲಿ ಅವನು ನಿದ್ದೆಯಲ್ಲಿರುತ್ತಾನೆ, ಅದೊಂದು ಅನುಕೂಲ.

ನಿಮ್ಮ ಅತ್ತೆಯವರೂ ತುಳಿಯುವುದಾದರೆ ಇದೇ ಕಾರಣಕ್ಕೆ ಫ್ರೀವೀಲ್ ಇರುವುದು ನೋಡಿ. ಪರೀಕ್ಷೆ ಸುಲಭ. ಚಕ್ರ ಸುತ್ತುತ್ತಿರುವಾಗ ಕಾಲು ತೆಗೆದುಬಿಡಿ. ಪೆಡಲ್ ನಿಂತು ಚಕ್ರ ಮಾತ್ರ ಸುತ್ತಿದರೆ ಫ್ರೀವೀಲ್ ಇದೆ. ವಯಸ್ಸಾದವರು ಗಾಬರಿಯಲ್ಲಿ ಕಾಲು ಗಟ್ಟಿಯಾಗಿ ಊರಿದಾಗ ಸುತ್ತುವ ಪೆಡಲ್ ಮಂಡಿಯನ್ನು ಎತ್ತಿ ಎಸೆಯಬಾರದು. ಅವರಿಗೆ ಕಾಲೆತ್ತಿ ಹತ್ತಲು ತಗ್ಗಾದ ಫ್ರೇಮೂ ಬೇಕು.

ಇನ್ನು ಆ ₹8,000ದ ಹಳೆ ಸೈಕಲ್. ನಿಮ್ಮ ಮನೆಯ ಸ್ಥಿತಿಯಲ್ಲಿ ನಾನು ಬೇಡ ಎನ್ನುತ್ತೇನೆ, ಕೆಳಗಿನವರ ನಿದ್ದೆ ಮತ್ತು ಮಗನ ಬೆರಳು ಎರಡೂ ಕಾರಣ. ಸ್ವಂತ ಮನೆಯ ನೆಲಮಹಡಿಯಲ್ಲಿದ್ದು, ಚಿಕ್ಕ ಮಕ್ಕಳಿಲ್ಲದೆ, ಸ್ಪ್ಯಾನರ್ ಹಿಡಿಯಲು ಇಷ್ಟವಿದ್ದರೆ ನೋಡಿ ತಗೊಳ್ಳಿ ಎನ್ನುತ್ತಿದ್ದೆ. ಯಜಮಾನರು ಆದರೂ ನೋಡಿ ಬರುತ್ತೇನೆ ಎಂದರೆ ಕೈಗೊಂದು ಸ್ಕೇಲ್ ಕೊಟ್ಟು ಕಳಿಸಿ. ಚೈನಿನ ಒಂದು ಪಿನ್ನಿನ ನಡುವಿನಿಂದ ಎಣಿಸಿ 24 ಅಂತರ ದಾಟಿದ ಪಿನ್ನಿನ ನಡುವಿಗೆ ಅಳೆಯಬೇಕು. ಹೊಸ ಚೈನ್‌ನಲ್ಲಿ ಅದು ಸರಿಯಾಗಿ 12 ಇಂಚು. ಒಂದು ಇಂಚಿನ 16ರಲ್ಲಿ 1 ಭಾಗ ಜಾಸ್ತಿ ಬಂದರೆ ಚೈನ್ ಬದಲಿಸುವ ಕಾಲ. 8ರಲ್ಲಿ 1 ಭಾಗ ಜಾಸ್ತಿ ಬಂದರೆ ಹಲ್ಲಿನ ಚಕ್ರಗಳೂ ಸವೆದಿರುತ್ತವೆ. ಚೈನ್ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ, ಅಷ್ಟೇನೂ ದುಬಾರಿಯಲ್ಲ. ಹಲ್ಲಿನ ಚಕ್ರ ಆ ಮಾಡೆಲ್‌ದೇ ಬೇಕಾಗಬಹುದು, ಅಲ್ಲಿ ಕಷ್ಟ. ಚೈನಿನ ನಡುಭಾಗ ಬೆರಳಿನಲ್ಲಿ ಎತ್ತಿ ಇಳಿಸಿದರೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಆಡಬೇಕು, ಅದಕ್ಕಿಂತ ಜಾಸ್ತಿ ಆಡಿದರೆ ಬಿಗಿ ಮಾಡುವ ಬೋಲ್ಟಿನಲ್ಲಿ ಇನ್ನೂ ಜಾಗ ಉಳಿದಿದೆಯೇ ನೋಡಲಿ. ಪೆಡಲಿನ ಕ್ರ್ಯಾಂಕನ್ನು (ಪೆಡಲ್ ಕೂರುವ ತೋಳು) ಹಿಡಿದು ಪಕ್ಕಕ್ಕೆ ಅಲ್ಲಾಡಿಸಲಿ. ಆಡಿದರೆ ಬೇರಿಂಗ್ ಹೋಗಿದೆ.

ಹೊಸದನ್ನೇ ತಂದರೆ, ಜೋಡಿಸುವ ದಿನ ನೀವು ಅಥವಾ ಯಜಮಾನರು ಪಕ್ಕದಲ್ಲಿರಿ. ಎಡಗಡೆ ಪೆಡಲಿನ ಮರೆ (ಸ್ಕ್ರೂವಿನ ಸುರುಳಿ ಗೆರೆ) ಉಲ್ಟಾ ಇರುತ್ತದೆ, ಅದನ್ನು ಅಪ್ರದಕ್ಷಿಣವಾಗಿ ತಿರುಗಿಸಿ ಬಿಗಿ ಮಾಡಬೇಕು. ಅವಸರದಲ್ಲಿ ಎಡ ಬಲ ಅದಲುಬದಲು ಮಾಡಿ ಸ್ಪ್ಯಾನರ್ ಹಾಕಿ ಎಳೆದರೆ ಕ್ರ್ಯಾಂಕಿನ ಮರೆ ಕಿತ್ತುಹೋಗುತ್ತದೆ. ಪೆಡಲಿನ ಮೇಲೆ ಎಡ, ಬಲದ ಗುರುತು ಇದ್ದೇ ಇರುತ್ತದೆ. ಮೊದಲ 3–4 ಸುತ್ತು ಕೈಯಲ್ಲೇ ಸಲೀಸಾಗಿ ಒಳಗೆ ಹೋಗಬೇಕು, ಆಮೇಲೆ ಸ್ಪ್ಯಾನರ್. ಒಂದು ತಿಂಗಳು ತುಳಿದ ಮೇಲೆ ಪೆಡಲ್, ಕ್ರ್ಯಾಂಕ್, ಬೆಲ್ಟ್ ಮೂರನ್ನೂ ಮತ್ತೊಮ್ಮೆ ಬಿಗಿ ಮಾಡಿಸಿ. ಖರೀದಿಸುವಾಗಲೇ ಈ ಒಂದು ಭೇಟಿಯನ್ನು ಉಚಿತವಾಗಿ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.